ಉಪ್ಪು ಸುರಿದ ರಸ್ತೆಗಳ ನಾಡಿನಲ್ಲಿ ಹಳೆಯ ಕ್ಯಾಂಪರ್ ವ್ಯಾನು

ಕೆನಡಾದ ಒಂಟಾರಿಯೊ, ಕ್ವಿಬೆಕ್, ಅಮೆರಿಕದ ಮಿನ್ನೆಸೋಟ, ಮಿಶಿಗನ್‌ ಕಡೆ ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ವ್ಯಾನು) ಕೊಂಡವರು ಮೊದಲ ವರ್ಷ ಹೆದರುವುದು ಚಳಿಗೆ. ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ಎದ್ದೀತೇ ಎಂಬುದೇ ದೊಡ್ಡ ಚಿಂತೆ. ಆದರೆ ಈ ವ್ಯಾನುಗಳನ್ನು ಮುಗಿಸುವುದು ತೇವ. ರಸ್ತೆಯ ಉಪ್ಪು ಹಿಡಿದಿಟ್ಟುಕೊಂಡ ತೇವ, ಒಳಗೆ ಮಲಗಿದವರ ಉಸಿರಿನ ತೇವ, ಸರಿಯಾಗಿ ಬಿಸಿಯೇರದ ಎಂಜಿನ್ನಿನ ಆಯಿಲಿಗೆ ಇಳಿಯುವ ತೇವ. ಮುಂದೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಈ ತೇವವನ್ನು ಹೊರಗಿಡುವುದಕ್ಕೇ ಇರುವಂಥವು.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಟಿ2 ಬಗ್ಗೆ: 1967ರ ಆಗಸ್ಟಿನಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ, ಮುಂದೆ ಒಂದೇ ಅಗಲ ಗಾಜಿನ, ಹಿಂದೆ ಗಾಳಿಯಿಂದ ತಣಿಯುವ ಎಂಜಿನ್ನಿನ ವ್ಯಾನು, ಅದನ್ನು ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಮಾರ್ಪಡಿಸಿದ ಕ್ಯಾಂಪರ್ ರೂಪ. ನಂತರ ಬಂದ ಟಿ3ಗೆ ಬೇರೆಯಾದ ಮಾತು ಬಂದಲ್ಲಿ ಹೇಳಿದೆ.

ಕೊಳ್ಳುವ ಮುನ್ನ

ಹಣ ಕೊಡುವುದಾದರೆ ತಗಡಿಗೆ ಕೊಡಿ, ಎಂಜಿನ್ನಿಗೆ ಬೇಡ. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಬಹುದು. ಕೊಳೆತ ಬಾಡಿಯ ಟಿಂಕರಿಂಗ್ ಖರ್ಚು ವ್ಯಾನಿನ ಬೆಲೆಯನ್ನೇ ಮೀರುತ್ತದೆ. ಅರಿಜೋನ, ನೆವಾಡ, ಕ್ಯಾಲಿಫೋರ್ನಿಯದ ಒಳನಾಡಿನಂಥ ಒಣ ಸೀಮೆಯ ವ್ಯಾನಿನಲ್ಲಿ ಬಣ್ಣ ಮಾಸಿರುತ್ತದೆ, ಗಾಜಿನ ಸುತ್ತಲಿನ ರಬ್ಬರು ಬಿಸಿಲಿಗೆ ಬಿರಿದಿರುತ್ತದೆ, ಸೀಟಿನ ಬಟ್ಟೆ ಪುಡಿಪುಡಿಯಾಗಿರುತ್ತದೆ. ಅವೆಲ್ಲ ಬದಲಾಯಿಸುವ ವಸ್ತುಗಳು. ಅದೇ ಹಣಕ್ಕೆ ಮಿಶಿಗನ್ನಿನ ಮಿಂಚುವ ಬಣ್ಣದ ವ್ಯಾನು ಸಿಕ್ಕರೂ ಅರಿಜೋನದ ಮಾಸಿದ್ದೇ ವಾಸಿ.

ನೋಡಲು ಹೋಗುವಾಗ ಟಾರ್ಚು, ತೆಳ್ಳನೆಯ ಮ್ಯಾಗ್ನೆಟ್ಟು, ಒಂದು ಸ್ಕ್ರೂಡ್ರೈವರ್ ಒಯ್ಯಿರಿ. ಬಾಗಿಲಿನ ಕೆಳಗಿನ ಸಿಲ್, ಚಕ್ರದ ಕಮಾನು, ಮುಂದಿನ ಗಾಜಿನ ಕೆಳಮೂಲೆ ಇಲ್ಲೆಲ್ಲ ಮ್ಯಾಗ್ನೆಟ್ಟು ಹಿಡಿಯದಿದ್ದರೆ ಅಲ್ಲಿರುವುದು ಪುಟ್ಟಿ. ಕೆಳಗೆ ಹೊಕ್ಕು ಜ್ಯಾಕ್ ಕೊಡುವ ಜಾಗಗಳನ್ನೂ ಅಡ್ಡತೊಲೆಗಳನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ರಟ್ಟಿನ ಹಾಗೆ ದಪ್ ಎನ್ನುತ್ತದೆ. ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂರುವ ತಟ್ಟೆಯನ್ನು ಬ್ಯಾಟರಿ ಎತ್ತಿಯೇ ನೋಡಬೇಕು. ಆಸಿಡ್ ತೊಟ್ಟಿಕ್ಕಿ ಅದು ತೂತಾಗಿರುವುದು ತೀರಾ ಸಾಮಾನ್ಯ. ಕೊನೆಗೆ, ಜಾರುಬಾಗಿಲನ್ನು ತೆರೆದು ಮುಚ್ಚಿ. ಬಾಗಿಲಿನ ಸುತ್ತ ಸಂದಿ ಮೇಲೆ ಕಿರಿದು, ಕೆಳಗೆ ಅಗಲ ಆಗಿದ್ದರೆ ವ್ಯಾನಿನ ನಡು ಕುಸಿದಿದೆ ಎಂದೇ ಅರ್ಥ. ಅಂಥದ್ದನ್ನು ಬಿಟ್ಟು ಬನ್ನಿ.

ಉಪ್ಪು ಹೇಗೆ ತಿನ್ನುತ್ತದೆ

ನಮ್ಮ ಕರಾವಳಿಯವರಿಗೆ ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ಹೇಳಿಕೊಡಬೇಕಿಲ್ಲ. ಮಂಗಳೂರಿನ ಗೇಟಿಗೆ ಆಗುವುದೇ ಇಲ್ಲಿ ವ್ಯಾನಿನ ಹೊಟ್ಟೆಗೆ ಆಗುತ್ತದೆ, ಅದೂ ಒಂದೇ ಚಳಿಗಾಲದಲ್ಲಿ. ರಸ್ತೆಯ ಮಂಜುಗಡ್ಡೆ ಕರಗಿಸಲು ಸುರಿಯುವುದು ಬರೀ ಅಡುಗೆ ಉಪ್ಪಿನ ಜಾತಿಯದ್ದಲ್ಲ. ಹೆಚ್ಚು ಚಳಿ ಬಿದ್ದಾಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಸೇರಿಸುತ್ತಾರೆ. ಸಾಮಾನ್ಯ ಉಪ್ಪು ಗಾಳಿಯ ತೇವಾಂಶ ಶೇ. 75ರ ಹತ್ತಿರ ಬಂದಾಗ ನೀರು ಹೀರಿ ಕರಗುತ್ತದೆ. ಉಳಿದೆರಡಕ್ಕೆ ಶೇ. 30–35 ಇದ್ದರೂ ಸಾಕು. ಹಾಗಾಗಿ ವಾರಗಟ್ಟಲೆ ಬಿಸಿಲಿದ್ದು ರಸ್ತೆ ಒಣಗಿದ್ದರೂ ನಿಮ್ಮ ಸಿಲ್ಲಿನ ಒಳಗೆ ಉಪ್ಪುನೀರು ಹಸಿಯಾಗಿಯೇ ಇರುತ್ತದೆ.

ಇದರಿಂದ ಹೊರಡುವ ಒಂದು ಮಾತು ಹಲವರಿಗೆ ವಿಚಿತ್ರವೆನಿಸುತ್ತದೆ: ಉಪ್ಪು ಮೆತ್ತಿದ ವ್ಯಾನನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಬೇಡಿ. ಮೈನಸ್ 15ರಲ್ಲಿ ತುಕ್ಕಿನ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಗ್ಯಾರೇಜಿನ 15 ಡಿಗ್ರಿಯಲ್ಲಿ ಹಿಮ ಕರಗಿ, ಉಪ್ಪುನೀರು ಪ್ರತಿ ಸಂದಿಗೂ ಇಳಿದು, ರಾತ್ರಿಯಿಡೀ ತಿನ್ನುತ್ತದೆ. ತೊಳೆದು ಒಣಗಿಸಿದ ವ್ಯಾನಿಗೆ ಮಾತ್ರ ಬೆಚ್ಚಗಿನ ಜಾಗ. ಉಳಿದದ್ದಕ್ಕೆ ಗಾಳಿಯಾಡುವ ತಣ್ಣನೆಯ ಶೆಡ್ಡೇ ಮೇಲು.

ಟಿ2 ಸಿಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದು ಒಂದು ತಗಡಲ್ಲ: ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ಪದರದ ಪೆಟ್ಟಿಗೆ. ಚಕ್ರ ಎರಚಿದ ಕೆಸರು ತುದಿಯ ಸಂದಿಯಿಂದ ಒಳಹೊಕ್ಕು ತಳದಲ್ಲಿ ಕೂರುತ್ತದೆ. ತಳದಲ್ಲಿ ನೀರು ಹೋಗಲು ಬಿಟ್ಟ ಸಣ್ಣ ಕಂಡಿಗಳು ಅದೇ ಕೆಸರಿನಿಂದ ಕಟ್ಟಿಕೊಳ್ಳುತ್ತವೆ. ಆಮೇಲೆ ಅದು ಉಪ್ಪುನೀರಿನ ತೊಟ್ಟಿ. ಹೊರಗಿನ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ನಡುವಿನ ಪದರ ಜರಡಿಯಾಗಿರುತ್ತದೆ. ಅಲ್ಲಿಗೆ ಮೇಲಿಂದ ಇನ್ನೊಂದು ತಗಡು ಬೆಸುಗೆ ಹಾಕುವುದು ರೋಗ ಮುಚ್ಚಿಟ್ಟ ಹಾಗೆ; ಎರಡು ತಗಡಿನ ನಡುವೆ ಹೊಸ ಸಂದಿ ಹುಟ್ಟುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು.

ತುಕ್ಕು ತಡೆಯುವ ಕೆಲಸ, ಬೇಸಗೆಯಲ್ಲೇ

ಜೂನ್‌ನಿಂದ ಆಗಸ್ಟ್ ನಡುವೆ, ಗಾಳಿ 18–20 ಡಿಗ್ರಿಗಿಂತ ಮೇಲಿರುವಾಗ ಮಾಡಿ. ಅಕ್ಟೋಬರಿನಲ್ಲಿ ಆತುರವಾಗಿ ಸಿಂಪಡಿಸಿದ ವ್ಯಾಕ್ಸು ಸಂದಿಗೆ ಹರಿಯದೆ ಮೇಲೇ ಕೆನೆಗಟ್ಟುತ್ತದೆ.

ಮೊದಲು ನೀರಿನ ಕಂಡಿಗಳನ್ನೆಲ್ಲ 3 ಮಿಲಿಮೀಟರ್ ತಂತಿಯಿಂದ ಚುಚ್ಚಿ ಬಿಡಿಸಿ: ಸಿಲ್ಲಿನ ತಳ, ಮುಂದಿನ ಬಾಗಿಲುಗಳ ತಳ, ಜಾರುಬಾಗಿಲು, ಹಿಂದಿನ ಬಾಗಿಲು. ಬಳಿಕ ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ಸಿಲ್ಲಿನ ಒಳಗೆ ನೀರು ಬಿಡಿ, ಕಂಡಿಯಿಂದ ತಿಳಿನೀರು ಬರುವವರೆಗೆ. ಪ್ರೆಶರ್ ವಾಷರಿನ ಜೋರು ನೀರು ಕೆಸರನ್ನು ಇನ್ನೂ ಒಳಕ್ಕೆ ತಳ್ಳುವುದರಿಂದ ಅದನ್ನು ಹೊರಮೈಗಷ್ಟೇ ಬಳಸಿ. ನಂತರ ಕನಿಷ್ಠ ಒಂದು ವಾರ ಒಣಗಲು ಬಿಡಿ. ಇದೊಂದು ವಾರವನ್ನು ಉಳಿಸಲು ಹೋಗಿ ಹಸಿ ತಗಡಿನ ಮೇಲೆ ವ್ಯಾಕ್ಸು ಹೊಡೆದವರು ತೇವವನ್ನೇ ಒಳಗೆ ಸೀಲ್ ಮಾಡಿರುತ್ತಾರೆ.

ಕಣ್ಣಿಗೆ ಕಾಣುವ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಸಿಡ್ಡಿನ ರಸ್ಟ್ ಕನ್ವರ್ಟರ್ ಬಳಿಯಿರಿ. ಕಪ್ಪಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಜೋಡಣೆಗಳಿಗೆ ಪಾಲಿಯುರೆಥೇನ್ ಸೀಮ್ ಸೀಲರ್, ಅದರ ಮೇಲೆ ಬಣ್ಣ. ಟಿ3ರಲ್ಲಿ ಬಾಡಿಯ ಹೊರಮೈ ಮೇಲೇ ಲಂಬವಾಗಿ ಹಾದುಹೋಗುವ ಜೋಡಣೆಗಳಿವೆ. ಕಾರ್ಖಾನೆಯಲ್ಲಿ ತುಂಬಿದ ಸೀಲರ್ ಗಟ್ಟಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟ ಕೂಡಲೇ ನೀರು ಒಳಗೆ. ಸಣ್ಣ ಕೊಕ್ಕೆಯಿಂದ ಹಳೆಯ ಸೀಲರನ್ನು ಪೂರ್ತಿ ಕಿತ್ತು ಇದೇ ಕ್ರಮದಲ್ಲಿ ಹೊಸದು ತುಂಬಿ. ಬಿರುಕಿನ ಮೇಲೆ ಬಣ್ಣ ಬಳಿಯುವುದರಿಂದ ಆರು ತಿಂಗಳೂ ಗಿಟ್ಟುವುದಿಲ್ಲ.

ಕಡೆಗೆ ಟೊಳ್ಳು ಜಾಗಗಳಿಗೆ ಕ್ಯಾವಿಟಿ ವ್ಯಾಕ್ಸ್. ಟಿ2 ಗಾತ್ರದ ವ್ಯಾನಿಗೆ ಸುಮಾರು 5 ಲೀಟರ್ ಬೇಕು. ಕಂಪ್ರೆಸರಿಗೆ ಸಿಕ್ಕಿಸುವ ಉದ್ದನೆಯ ನಳಿಕೆ, ಸುತ್ತಲೂ ಚಿಮ್ಮುವ ತುದಿ ಇರುವಂಥದ್ದು ತೆಗೆದುಕೊಳ್ಳಿ. ನಳಿಕೆಯನ್ನು ಕೊನೆವರೆಗೆ ತೂರಿಸಿ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ಹೊಡೆಯಿರಿ. ಕಂಡಿಗಳಿಂದ ವ್ಯಾಕ್ಸು ತೊಟ್ಟಿಕ್ಕಿದರೆ ಕೆಲಸ ಆಗಿದೆ ಎಂದು ತಿಳಿಯಿರಿ; ಮರುದಿನ ಅದೇ ಕಂಡಿಗಳನ್ನು ಮತ್ತೆ ತಂತಿಯಿಂದ ಬಿಡಿಸಿ. ಹೊಟ್ಟೆಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಎಣ್ಣೆ ಒಳ್ಳೆಯದು. ಪ್ರತಿ ವರ್ಷ ಹೊಡೆಯಬೇಕಾದ ರಗಳೆ ಇದೆ, ನಿಜ. ಆದರೆ ಕಪ್ಪು ರಬ್ಬರಿನಂಥ ಡಾಂಬರು ಲೇಪ ಮಾತ್ರ ಬೇಡವೇ ಬೇಡ. ಕಲ್ಲು ತಾಗಿ ಅದು ಎಲ್ಲೋ ಒಂದು ಕಡೆ ಸೀಳಿದರೆ ಉಪ್ಪುನೀರು ಒಳಹೊಕ್ಕು, ಹೊರಗೆ ಕಾಣದ ಹಾಗೆ, ಅಂಗೈಯಗಲದ ತಗಡನ್ನು ತಿಂದುಹಾಕುತ್ತದೆ.

ಗಾಳಿ ತಣಿಸುವ ಎಂಜಿನ್ನಿಗೆ ಚಳಿ ಬಂದಾಗ

ಗಾಳಿಯಿಂದ ತಣಿಯುವ ಎಂಜಿನ್ನಿಗೆ ನೀರಿಲ್ಲ, ಹೆಪ್ಪುಗಟ್ಟುವುದಿಲ್ಲ. ಇದರ ತೊಂದರೆ ತಿರುಗುಮುರುಗು: ಬಿಸಿಯೇ ಆಗುವುದಿಲ್ಲ. 1600 ಸಿಸಿ ಎಂಜಿನ್ನಿನಲ್ಲಿ 1 ಮತ್ತು 2ನೇ ಸಿಲಿಂಡರುಗಳ ಕೆಳಗೆ ಒಂದು ಥರ್ಮೋಸ್ಟ್ಯಾಟ್ ಕೊಳವೆ ಇದೆ. ಅದು ಬಿಸಿಗೆ ಹಿಗ್ಗಿ, ತಂತಿಯ ಮೂಲಕ ಫ್ಯಾನ್ ಹೌಸಿಂಗಿನ ರೆಕ್ಕೆಗಳನ್ನು ತೆರೆಯುತ್ತದೆ. ತಣ್ಣಗಿರುವಾಗ ರೆಕ್ಕೆ ಮುಚ್ಚಿರಬೇಕು. ಬಹಳ ವ್ಯಾನುಗಳಲ್ಲಿ ಯಾರೋ ಹಿಂದಿನವರು ಇದನ್ನು ಕಿತ್ತೆಸೆದಿರುತ್ತಾರೆ, ‘ತಂಪಾಗಿದ್ದಷ್ಟು ಒಳ್ಳೆಯದು’ ಎಂದು. ಕೆನಡಾದ ಜನವರಿಯಲ್ಲಿ ಇದರ ಫಲ ಆಯಿಲ್ ಮುಚ್ಚಳದ ಒಳಗೆ ಕಾಣುತ್ತದೆ: ಮಜ್ಜಿಗೆಗೆ ಅರಿಶಿನ ಕಲಸಿದ ಹಾಗಿನ ತಿಳಿಹಳದಿ ನೊರೆ. ಉರಿದ ಪೆಟ್ರೋಲಿನ ನೀರಾವಿ ಆರದೆ ಆಯಿಲಿನೊಂದಿಗೆ ಬೆರೆತದ್ದು ಅದು. ಕೊಳವೆಯನ್ನು ಬಿಚ್ಚಿ 65–70 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿ ಅಳೆಯಿರಿ. ಉದ್ದ 46 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಬೇಕು. ತಣ್ಣಗಿರುವಾಗಲೂ ಹಿಗ್ಗಿಯೇ ಇದ್ದರೆ ಅದು ಒಡೆದಿದೆ, ಬದಲಿಸಿ.

ಈ 1600 ಸಿಸಿ ಎಂಜಿನ್ನಿಗೆ ಆಯಿಲ್ ಬರೀ 2.5 ಲೀಟರ್. ಚಳಿಗಾಲಕ್ಕೆ 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40, ವಾಲ್ವುಗಳನ್ನು ತೆರೆಯಿಸುವ ಹಳೆಯ ಟ್ಯಾಪೆಟ್ಟುಗಳಿಗೆ ಬೇಕಾದ ಜಿಂಕ್ ಇರುವಂಥದ್ದು. ಕೆಳಗಿನ ಜಾಲರಿ ತಟ್ಟೆಯ ಆರು ಸಣ್ಣ ನಟ್ಟುಗಳಿಗೆ 7 ನ್ಯೂಟನ್ ಮೀಟರ್ ಸಾಕು. ಮೆಕ್ಯಾನಿಕ್ಕು ಕೈಬಲ ತೋರಿಸಿ ಬಿಗಿದರೆ ಎಂಜಿನ್ನಿನ ಮೆಗ್ನೀಸಿಯಂ ಕೇಸಿನಿಂದ ಸ್ಟಡ್ಡೇ ಕಿತ್ತು ಬರುತ್ತದೆ. ಎರಡು ಗ್ಯಾಸ್ಕೆಟ್ಟು, ಆರು ತಾಮ್ರದ ವಾಷರು ಪ್ರತಿ ಸಲ ಹೊಸದು ಹಾಕಿ. 5,000 ಕಿಲೋಮೀಟರಿಗೊಮ್ಮೆ ಆಯಿಲ್, ಜೊತೆಗೇ ಟ್ಯಾಪೆಟ್ ಸೆಟ್ಟಿಂಗ್: ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ವಾಲ್ವಿನ ತುದಿಯ ಸಂದು 0.15 ಮಿಲಿಮೀಟರ್ ಇರಬೇಕು. ಒಂದನೇ ಸಿಲಿಂಡರಿನಿಂದ ಶುರುಮಾಡಿ, ಪುಲ್ಲಿಯನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸುತ್ತಾ ಹೋದರೆ 2, 3, 4 ಸಾಲಾಗಿ ಬರುತ್ತವೆ. ಸಂದು ಬಿಗಿಯಾದರೆ ಎಕ್ಸಾಸ್ಟ್ ವಾಲ್ವು ಪೂರ್ತಿ ಕೂರದೆ ಸುಟ್ಟುಹೋಗುತ್ತದೆ, ಅದು ಸದ್ದಿಲ್ಲದೆ ಆಗುವ ಹಾನಿ. ಟಪಟಪ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಮೌನವಾಗಿರುವುದಕ್ಕೇ ಹೆಚ್ಚು ಹೆದರಬೇಕು.

ಬೆಳಿಗ್ಗೆ ಎಂಜಿನ್ ಬೆಚ್ಚಗಾಗಿಸಲು ಅಂಗಡಿಯಲ್ಲಿ ಸಿಗುವ ಮ್ಯಾಗ್ನೆಟ್ ಹೀಟರ್ ಇಲ್ಲಿ ಹಿಡಿಯುವುದಿಲ್ಲ, ಕೇಸು ಮೆಗ್ನೀಸಿಯಂ, 1700ರಿಂದ 2000 ಸಿಸಿಯವುಗಳಲ್ಲಿ ಅಲ್ಯೂಮಿನಿಯಂ. ಅಂಟಿಸುವ ಸಿಲಿಕೋನ್ ಪ್ಯಾಡ್, 100–150 ವ್ಯಾಟಿನದು, ಕೇಸಿನ ತಳಕ್ಕೆ ಅಂಟಿಸಿ, ಟೈಮರ್ ಇಟ್ಟು ಹೊರಡುವ ಮುನ್ನ ಎರಡು ಮೂರು ಗಂಟೆ ಹಾಕಿ. ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಇಳಿದುಹೋದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಒಡೆಯುತ್ತದೆ. ಗೇರ್ ಬೀಳುವುದು ಕಷ್ಟವಾದರೆ ಗೇರ್‌ಬಾಕ್ಸಿಗೆ 75ಡಬ್ಲ್ಯೂ-90, ಜಿಎಲ್-4 ದರ್ಜೆಯದನ್ನೇ ಹಾಕಿ.

ಕಾರ್ಬುರೇಟರಿನಲ್ಲಿ ಹಿಮ ಕಟ್ಟುವುದು ಬೇರೆಯೇ ಕಾಯಿಲೆ. ಮೈನಸ್ 20ರಲ್ಲಿ ಬರುವುದಕ್ಕಿಂತ ಮಂಜು ಮುಸುಕಿದ 0–10 ಡಿಗ್ರಿಯಲ್ಲಿ ಹೆಚ್ಚು ಬರುತ್ತದೆ, ಏಕೆಂದರೆ ಗಾಳಿಯಲ್ಲಿ ನೀರಿರುವುದು ಆಗಲೇ. ಲಕ್ಷಣ ಸ್ಪಷ್ಟ: ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ಎಳೆತ ಕಳೆದುಕೊಂಡು ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಪೆಟ್ರೋಲ್ ಪಂಪು, ಕಾಯಿಲ್ಲು ಎಂದು ಹಣ ಸುರಿಯುವ ಮುನ್ನ ಮ್ಯಾನಿಫೋಲ್ಡಿನ ಅಡಿಯ ಬಿಸಿ ಕೊಳವೆ ಮುಟ್ಟಿ ನೋಡಿ. ಸ್ಟಾರ್ಟಾದ ಐದು ನಿಮಿಷಕ್ಕೆ ಅದರ ಎರಡೂ ತುದಿ ಬಿಸಿಯಾಗಿರಬೇಕು. ಒಂದು ತುದಿ ತಣ್ಣಗಿದ್ದರೆ ಒಳಗೆ ಮಸಿ ಕಟ್ಟಿದೆ. ಬಿಚ್ಚಿ, ಗಟ್ಟಿ ತಂತಿ ಹಗ್ಗ ತೂರಿಸಿ ಕೆರೆಯಬೇಕು. ಏರ್ ಕ್ಲೀನರಿಗೆ ಬಿಸಿಗಾಳಿ ತರುವ ಹೋಸ್ ಇದೆಯೇ ಎಂದೂ ನೋಡಿ, ಬಹಳಷ್ಟು ವ್ಯಾನುಗಳಲ್ಲಿ ಅದು ಕಳೆದುಹೋಗಿರುತ್ತದೆ.

ಪೆಟ್ರೋಲ್ ಹೋಸುಗಳ ವಿಷಯದಲ್ಲಿ ರಾಜಿ ಬೇಡ. ಚಳಿ, ಬಿಸಿ, ಎಥನಾಲ್ ಮೂರೂ ಸೇರಿ ರಬ್ಬರನ್ನು ಒಣಕಲು ಮಾಡುತ್ತವೆ. ಬಗ್ಗಿಸಿದರೆ ಬಿರುಕು ಕಂಡ ಹೋಸನ್ನು ಅವತ್ತೇ ತೆಗೆಯಿರಿ. ಕಾಣದಿದ್ದರೂ ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸಿ. ಮೆಗ್ನೀಸಿಯಂ ಕೇಸಿಗೆ ಬೆಂಕಿ ಹತ್ತಿದರೆ ನೀರಿನಿಂದ ಆರುವುದಿಲ್ಲ, ಇನ್ನೂ ಭುಗಿಲೇಳುತ್ತದೆ.

ಬಿಸಿಗಾಳಿಯ ಜೊತೆ ಬರುವ ವಿಷ

ಟಿ2ರ ಹೀಟರಿಗೆ ಬಿಸಿ ಬರುವುದು ಎಕ್ಸಾಸ್ಟಿನಿಂದ. ಎಕ್ಸಾಸ್ಟ್ ಪೈಪಿನ ಸುತ್ತ ಒಂದು ತಗಡಿನ ಕವಚ, ಅದರೊಳಗೆ ಫ್ಯಾನಿನ ಗಾಳಿ ಹಾದು ಬಿಸಿಯಾಗಿ ಕ್ಯಾಬಿನ್ನಿಗೆ ಬರುತ್ತದೆ. ಇದೇ ಹೀಟ್ ಎಕ್ಸ್‌ಚೇಂಜರ್. ಒಳಗಿನ ಪೈಪು ತೂತಾದರೆ ಅದೇ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ: ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಪ್ಪಿನ ನಾಡಿನಲ್ಲಿ ಈ ಪೈಪು ತೂತಾಗುವುದು ಆಕಸ್ಮಿಕವಲ್ಲ, ಕಾಲದ ಪ್ರಶ್ನೆ.

ಪ್ರತಿ ಸೆಪ್ಟೆಂಬರಿನಲ್ಲಿ ಹೋಸು ಕಳಚಿ, ಟಾರ್ಚು ಮತ್ತು ಸಣ್ಣ ಕನ್ನಡಿ ಹಿಡಿದು ಕವಚದ ಒಳಗೆ ನೋಡಿ. ಕಂದು ತುಕ್ಕಿನ ಪುಡಿ ಸಹಜ. ಕಪ್ಪು ಮಸಿ ಕಂಡರೆ ಎಕ್ಸಾಸ್ಟ್ ಒಳಗೆ ಸೋರುತ್ತಿದೆ. ಎಂಜಿನ್ ಚಾಲೂ ಮಾಡಿ, ಹೀಟರ್ ತೆರೆದು, ಕಾಲಡಿಯ ಕಂಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆದು ಅಂಕಿ ತೋರಿಸುವ ಮೀಟರ್ ಹಿಡಿಯಿರಿ. ಸೊನ್ನೆಯಲ್ಲೇ ಇರಬೇಕು. ಏರಿದರೆ ಹೊಸ ಎಕ್ಸ್‌ಚೇಂಜರ್ ಬರುವವರೆಗೆ ಹೀಟರ್ ಹೋಸುಗಳನ್ನು ಎರಡೂ ಕಡೆ ಮುಚ್ಚಿಬಿಡಿ. ಬೆಸುಗೆ ತೇಪೆಯನ್ನು ನೆಚ್ಚಿಕೊಳ್ಳಬೇಡಿ. ಸುಟ್ಟ ಎಣ್ಣೆಯ ವಾಸನೆ ಬರುತ್ತಿದ್ದರೆ ಸಾಮಾನ್ಯವಾಗಿ ಪುಶ್‌ರಾಡ್ ಕೊಳವೆಗಳ ಸೀಲಿನಿಂದ ಆಯಿಲ್ ಎಕ್ಸ್‌ಚೇಂಜರ್ ಮೇಲೆ ತೊಟ್ಟಿಕ್ಕುತ್ತಿರುತ್ತದೆ.

ವ್ಯಾನಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಯುರೋಪಿನ ಮಾನದಂಡವಾದ ಇಎನ್ 50291-2 ಎಂದು ಬರೆದಿರುವುದು ವಾಹನ, ದೋಣಿಗಳಿಗಾಗಿ ಮಾಡಿದ್ದು. ಮಲಗಿದಾಗ ತಲೆಯಿರುವ ಎತ್ತರಕ್ಕೆ, ಒಲೆಯಿಂದ ದೂರಕ್ಕೆ ಹಚ್ಚಿ. ಹಿಂಬದಿಯಲ್ಲಿ ಮುದ್ರಿಸಿದ ಅವಧಿ ಮುಗಿದ ದಿನ ಎಸೆಯಿರಿ.

ನಿಂತಲ್ಲಿ ಮಲಗಲು ಬೇರೆ ಹೀಟರ್ ಬೇಕು. ಹೊರಗಿನಿಂದ ಗಾಳಿ ಎಳೆದು ಹೊರಗೇ ಹೊಗೆ ಬಿಡುವ 2 ಕಿಲೋವ್ಯಾಟಿನ ಪೆಟ್ರೋಲ್ ಹೀಟರ್ ಈ ವ್ಯಾನಿಗೆ ಸಾಕು; ಗಂಟೆಗೆ ಸುಮಾರು 0.1ರಿಂದ 0.25 ಲೀಟರ್ ಕುಡಿಯುತ್ತದೆ. ಹೊತ್ತಿಕೊಳ್ಳುವಾಗ 8–10 ಆಂಪ್ ಎಳೆಯುವುದರಿಂದ ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದು ಅರ್ಧಕ್ಕೇ ಆರುತ್ತದೆ. ಬಹಳ ಜನ ಹೀಟರ್ ಕೆಟ್ಟಿತೆಂದುಕೊಳ್ಳುವುದು ಇದನ್ನೇ. ಅಡುಗೆಯ ಗ್ಯಾಸ್ ಒಲೆ ಹೊತ್ತಿಸಿ ಚಳಿ ಕಾಯಿಸಬೇಡಿ. ವಿಷಗಾಳಿಯ ಮಾತು ಹಾಗಿರಲಿ, ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರು ಹುಟ್ಟುತ್ತದೆ. ಆ ನೀರೆಲ್ಲ ತಣ್ಣನೆಯ ತಗಡಿನ ಮೇಲೆ ಬೆವರಾಗಿ, ಫಲಕಗಳ ಹಿಂದೆ ಇಳಿದು, ಸಿಲ್ಲಿಗೇ ಸೇರುತ್ತದೆ. ಗ್ಯಾಸು ಮಾತ್ರ ಪ್ರೊಪೇನೇ ಇರಲಿ: ಬ್ಯೂಟೇನ್ ಮೈನಸ್ 0.5 ಡಿಗ್ರಿಗೆ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೆ ಬರುತ್ತದೆ.

ಮಲಗುವಾಗ ಎದುರುಬದುರು ಎರಡು ಕಿಟಕಿ ಒಂದು ಬೆರಳಿನಷ್ಟು ತೆರೆದಿಡಿ. ಫಲಕಗಳ ಹಿಂದೆ ಗಾಜುನಾರಿನ ಹತ್ತಿ ಸಿಕ್ಕರೆ ಕಿತ್ತು ಹಾಕಿ, ಅದು ಒದ್ದೆ ಬಟ್ಟೆಯಂತೆ ತಗಡಿಗೆ ಅಂಟಿಕೊಂಡಿರುತ್ತದೆ. ಅದರ ಜಾಗಕ್ಕೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಹಾಕಿ, ತಳದ ಕಂಡಿಗಳನ್ನು ಮುಚ್ಚದ ಹಾಗೆ.

ಟಿ3 ಇದ್ದವರಿಗೆ

ನೀರು ತಣಿಸುವ ಟಿ3 ಎಂಜಿನ್ನಿಗೆ ಫಾಸ್ಫೇಟ್ ಇಲ್ಲದ ಕೂಲೆಂಟ್, ಶುದ್ಧ ನೀರಿನೊಂದಿಗೆ ಅರ್ಧಕ್ಕರ್ಧ. ಮೈನಸ್ 35ರವರೆಗೆ ಇದು ಸಾಕು. ಬೇರೆ ಕೂಲೆಂಟ್ ಹಾಕಿದರೆ ಸಿಲಿಂಡರ್ ಹೆಡ್ಡಿನ ಅಂಚು ಸವೆದು, ಹೆಡ್ ಮತ್ತು ಕೇಸಿನ ನಡುವಿನ ರಬ್ಬರ್ ಸೀಲಿನಿಂದ ಸೋರತೊಡಗುತ್ತದೆ. ಕೂಲೆಂಟ್ ಬದಲಿಸಿದ ಮೇಲೆ ಗಾಳಿ ತೆಗೆಯಲು ಮೂತಿಯನ್ನು ಸುಮಾರು 40 ಸೆಂಟಿಮೀಟರ್ ಎತ್ತಿ, ರೇಡಿಯೇಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಎಂಜಿನ್ನನ್ನು ನಿಮಿಷಕ್ಕೆ 2,000 ಸುತ್ತಿನಲ್ಲಿ ಇಟ್ಟು, ಗುಳ್ಳೆ ನಿಂತು ಬರೀ ನೀರು ಬರುವವರೆಗೆ ತುಂಬುತ್ತಿರಿ.

ನಿಲ್ಲಿಸುವುದು, ಎಬ್ಬಿಸುವುದು

ಜನವರಿ, ಫೆಬ್ರವರಿಯಲ್ಲಿ ಈ ವ್ಯಾನುಗಳನ್ನು ದಿನದ ಓಡಾಟಕ್ಕೆ ಬಳಸದಿರುವುದೇ ಸರಿ. ಓಡಿಸಲೇಬೇಕಾದವರು ಸಿ ಗುರುತಿನ, ಭಾರ ಹೊರುವ ಚಳಿಗಾಲದ ಟೈರುಗಳನ್ನೇ ಹಾಕಿ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನೇ. ಉಷ್ಣತೆ 5–6 ಡಿಗ್ರಿ ಇಳಿದಂತೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್ಐ ಇಳಿಯುತ್ತದೆ.

ನಿಲ್ಲಿಸುವವರು ಉಪ್ಪು ಬೀಳುವ ಮೊದಲೇ ತೊಳೆದು ಒಣಗಿಸಿ. ಆಯಿಲನ್ನು ನಿಲ್ಲಿಸುವ ಮುನ್ನ ಬದಲಿಸಬೇಕು. ಹಳೆಯ ಆಯಿಲಿನ ಆಮ್ಲ ಬೇರಿಂಗುಗಳನ್ನು ಐದು ತಿಂಗಳು ತಿನ್ನಬಾರದು. ಟ್ಯಾಂಕು ತುಂಬಿಸಿ, ಸ್ಟೆಬಿಲೈಸರ್ ಹಾಕಿ, ಅದು ಕಾರ್ಬುರೇಟರಿಗೆ ಮುಟ್ಟಲು ಹತ್ತು ನಿಮಿಷ ಓಡಿಸಿ. ನೀರಿನ ಟ್ಯಾಂಕು ಬರಿದು ಮಾಡಿ, ಪ್ರೊಪಿಲೀನ್ ಗ್ಲೈಕಾಲಿನ ಗುಲಾಬಿ ದ್ರವ ಎರಡು ಲೀಟರ್ ಸುರಿದು, ನಲ್ಲಿಯಲ್ಲಿ ಗುಲಾಬಿ ಬಣ್ಣ ಬರುವವರೆಗೆ ಪಂಪು ಓಡಿಸಿ. ರೇಡಿಯೇಟರಿನ ಎಥಿಲೀನ್ ಗ್ಲೈಕಾಲ್ ವಿಷ, ಕುಡಿಯುವ ನೀರಿನ ಪೈಪಿಗೆ ಅದು ಎಂದೂ ಹೋಗಕೂಡದು. ಮೇಲೇಳುವ ಛಾವಣಿಯ ಕ್ಯಾನ್ವಾಸು ಪೂರ್ತಿ ಒಣಗಿದ ಮೇಲೆಯೇ ಮಡಚಿ, ಹಾಸಿಗೆಗಳನ್ನು ಮನೆಗೆ ತನ್ನಿ, ಫ್ರಿಜ್ಜಿನ ಬಾಗಿಲು ಅರ್ಧ ತೆರೆದಿರಲಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಚಕ್ರಕ್ಕೆ ಕಟ್ಟೆ ಕೊಡಿ. ಟಾರ್ಪಾಲು ಹೊದಿಸಿದರೆ ಒಳಗೆ ಬೆವರುತ್ತದೆ; ಗಾಳಿಯಾಡುವ ಬಟ್ಟೆ ಹೊದಿಕೆಯೇ ಆಗಬೇಕು. ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಸೈಲೆನ್ಸರಿಗೂ ಆಯಿಲಿಗೂ ನೀರು ತುಂಬಿಸುತ್ತದಷ್ಟೇ. 25–30 ಕಿಲೋಮೀಟರ್ ಓಡಿಸಲಾಗದಿದ್ದರೆ ಸುಮ್ಮನೆ ಬಿಡಿ.

ಏಪ್ರಿಲ್ ಕೊನೆಗೆ, ಒಂದೆರಡು ಜೋರು ಮಳೆ ಬಿದ್ದು ರಸ್ತೆಯ ಉಪ್ಪು ಹರಿದುಹೋದ ಮೇಲೆ ಎಬ್ಬಿಸಿ. ಕೀಲಿ ತಿರುಗಿಸುವ ಮುನ್ನ ಫ್ಯಾನಿನ ಕಂಡಿಯೊಳಗೆ ಟಾರ್ಚು ಬಿಡಿ. ಇಲಿಗಳಿಗೆ ಫ್ಯಾನ್ ಹೌಸಿಂಗ್ ಚಳಿಗಾಲದ ಮನೆ. ಸೀಟಿನ ಹತ್ತಿ, ಒಣಹುಲ್ಲು ತಂದು ಸಿಲಿಂಡರಿನ ರೆಕ್ಕೆಗಳ ಮೇಲೇ ಗೂಡು ಕಟ್ಟಿರುತ್ತವೆ. ಹಾಗೇ ಓಡಿಸಿದರೆ ಆ ಒಂದು ಸಿಲಿಂಡರಿಗೆ ಗಾಳಿ ಸಿಗದೆ, ಮೊದಲ ಹೆದ್ದಾರಿ ಓಟದಲ್ಲೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಸ ಕಂಡರೆ ಹೌಸಿಂಗ್ ಬಿಚ್ಚಿ ಪೂರ್ತಿ ತೆಗೆಯಿರಿ. ಮುಂದಿನ ನವೆಂಬರಿನಲ್ಲಿ ಅದೇ ಕಂಡಿಗೆ ಕಬ್ಬಿಣದ ಜಾಲರಿ ಕಟ್ಟಿ, ಸ್ಟೀರಿಂಗಿಗೆ ‘ಜಾಲರಿ ತೆಗೆ’ ಎಂದು ಬರೆದ ಚೀಟಿಯೊಂದನ್ನು ತೂಗುಹಾಕಿ.